ವಿಹಾರಲೋಕದ ಶಿಲ್ಪಿ ವಾಲ್ಟ್ ಡಿಸ್ನಿ

ರಾಮನಾಥಪುರದ ಜಾತ್ರೆಗೋ ಬೂಕನಬೆಟ್ಟದ ದನಗಳ ಜಾತ್ರೆಗೋ ತಂದೆಯ ಕೈಹಿಡಿದು ಹೋಗಿಬಂದ ಮಗು ಮರುದಿನ ಮನೆಯಂಗಳದ ಮಣ್ಣಿನಲ್ಲಿ ಆ ಜಾತ್ರೆಯನ್ನು ಮತ್ತೆ ಕಟ್ಟುವುದುಂಟು. ಕಡ್ಡಿ ನೆಟ್ಟರೆ ತೇರು, ತೆಂಗಿನ ಚಿಪ್ಪು ಬೋರಲು ಹಾಕಿದರೆ ಗುಡಿ, ಬೆಂಕಿಪೊಟ್ಟಣಗಳನ್ನು ದಾರದಲ್ಲಿ ಪೋಣಿಸಿದರೆ ಉಗಿಬಂಡಿ. ಸಂಜೆಯ ಒಂದು ಮಳೆಗೆ ಆ ಊರು ಕರಗಿಹೋಗುತ್ತದೆ. ಬಹುಮಂದಿಯ ಬಾಳಿನಲ್ಲಿ ಅದು ಹಾಗೆ ಕರಗಿದ್ದು ಮತ್ತೆ ಮೂಡುವುದಿಲ್ಲ. ಅಮೆರಿಕ ದೇಶದ ವಾಲ್ಟ್ ಡಿಸ್ನಿಯವರ ಬಾಳಿನಲ್ಲಿ ಮಾತ್ರ ಅದು ಮೂಡಿತು. ಬಾಲ್ಯದಲ್ಲಿ ಕಳೆದುಹೋದ ಒಂದು ಊರನ್ನು ಅವರು ತಮ್ಮ 53ನೆಯ ವಯಸ್ಸಿನಲ್ಲಿ 160 ಎಕರೆ ನೆಲದ ಮೇಲೆ ಮರಳಿ ಕಟ್ಟಿದರು. ಇಂದು ಥೀಮ್ ಪಾರ್ಕ್ ಎಂದು ಲೋಕವೆಲ್ಲ ಕರೆಯುವ ವಿಹಾರಸ್ಥಾನಗಳಿಗೆ ಆ ಊರೇ ಮಾದರಿಯಾಯಿತು.

ವಾಲ್ಟರ್ ಎಲಿಯಾಸ್ ಡಿಸ್ನಿ 1901ನೆಯ ಇಸವಿ ಡಿಸೆಂಬರ್ 5ರಂದು ಷಿಕಾಗೊ ನಗರದಲ್ಲಿ ಜನಿಸಿದರು. ತಂದೆ ಎಲಿಯಾಸ್, ತಾಯಿ ಫ್ಲೋರಾ. ಎಲಿಯಾಸ್ ಬಡಗಿ ಕೆಲಸ ಬಲ್ಲವರು. 1893ರಲ್ಲಿ ಷಿಕಾಗೊದಲ್ಲಿ ನಡೆದ ಮಹಾ ವಿಶ್ವಪ್ರದರ್ಶನದ ಕಟ್ಟಡಗಳಲ್ಲಿ ದುಡಿದಿದ್ದರು. ಸ್ವಾಮಿ ವಿವೇಕಾನಂದರು ಸರ್ವಧರ್ಮ ಸಮ್ಮೇಳನದಲ್ಲಿ ಮಾತನಾಡಿದ್ದು ಆ ಪ್ರದರ್ಶನದ ಸಂದರ್ಭದಲ್ಲಿಯೇ. ನಾಲ್ವರು ಗಂಡುಮಕ್ಕಳಲ್ಲಿ ವಾಲ್ಟ್ ಕಿರಿಯವನು. ಅವನ ಹಿಂದೆ ಹುಟ್ಟಿದವಳು ತಂಗಿ ರೂತ್. ಅಣ್ಣಂದಿರಲ್ಲಿ ರಾಯ್ ಎಂಬವನು ಎಂಟು ವರ್ಷ ಹಿರಿಯ. ಈ ಅಣ್ಣನ ಹೆಸರು ವಾಲ್ಟನ ಕಥೆಯಲ್ಲಿ ಕೊನೆಯವರೆಗೂ ಬರುತ್ತದೆ.

ನಗರದ ಗದ್ದಲದಲ್ಲಿ ಮಕ್ಕಳು ಕೆಡುವರೆಂಬ ಭೀತಿಯಿಂದ ಎಲಿಯಾಸ್ 1906ರಲ್ಲಿ ಸಂಸಾರವನ್ನು ಮಿಸ್ಸೂರಿ ಸಂಸ್ಥಾನದ ಮಾರ್ಸೆಲೀನ್ ಎಂಬ ಸಣ್ಣ ಊರಿಗೆ ಸಾಗಿಸಿದರು. ಊರಿನ ಅಂಚಿನಲ್ಲಿ ಸುಮಾರು 45 ಎಕರೆ ಜಮೀನು, ಸೇಬಿನ ಮರಗಳು, ಒಂದು ಹಳೆಯ ಕೊಟ್ಟಿಗೆ, ಹಂದಿ ಕೋಳಿ ಕುದುರೆ ದನಗಳು. ಸಾಂಟಾ ಫೆ ಎಂಬ ರೈಲ್ವೆ ಕಂಪೆನಿ ಷಿಕಾಗೊದಿಂದ ಕಾನ್ಸಾಸ್ ಸಿಟಿಯ ಕಡೆಗೆ ಹಳಿ ಹಾಕಿದಾಗ ಎಂಜಿನುಗಳೂ ಸಿಬ್ಬಂದಿಯೂ ಬದಲಾಗುವ ತಂಗುದಾಣವಾಗಿ ಹುಟ್ಟಿದ ಊರು ಅದು. ರೈಲಿಲ್ಲದಿದ್ದರೆ ಆ ಊರೇ ಇರುತ್ತಿರಲಿಲ್ಲ. ವಾಲ್ಟನ ಬಂಧು ಮೈಕ್ ಮಾರ್ಟಿನ್ ಆ ಮಾರ್ಗದ ಎಂಜಿನ್ ಚಾಲಕರು. ಬರುವಾಗ ಮಕ್ಕಳಿಗೆ ಮಿಠಾಯಿ ತರುತ್ತಿದ್ದರು. ದೂರದಲ್ಲಿ ಸಿಳ್ಳು ಕೇಳಿದೊಡನೆ ಹಳಿಯ ಕಡೆಗೆ ಓಡುವುದು ಆ ಹುಡುಗನ ನಿತ್ಯದ ಉತ್ಸವವಾಯಿತು. ರೈಲು ಬಂದ ಊರುಗಳಲ್ಲೆಲ್ಲ, ಹಾಸನ ಹೊಳೆನರಸೀಪುರಗಳಲ್ಲಿಯೂ, ಒಂದು ತಲೆಮಾರಿನ ಮಕ್ಕಳು ಹೀಗೆಯೇ ಓಡಿದ್ದಾರೆ.

ಚಿತ್ರ ಬರೆಯುವ ಚಪಲವೂ ಅಲ್ಲಿಯೇ ಹುಟ್ಟಿತು. ಚಿಕ್ಕಪ್ಪ ರಾಬರ್ಟರ ಪತ್ನಿ ಹಾಳೆ ಬಣ್ಣದ ಕಡ್ಡಿಗಳನ್ನು ತಂದುಕೊಟ್ಟರು. ನೆರೆಯ ವೃದ್ಧ ವೈದ್ಯರೊಬ್ಬರು ತಮ್ಮ ಕುದುರೆಯ ಚಿತ್ರವನ್ನು ಬರೆಸಿಕೊಂಡು ಕಾಸು ಕೊಟ್ಟರು. ಆ ಕುದುರೆ ಒಂದು ಗಳಿಗೆಯೂ ಸುಮ್ಮನೆ ನಿಲ್ಲಲಿಲ್ಲವಂತೆ. ಒಮ್ಮೆ ಹಿರಿಯರಿಲ್ಲದಾಗ ಅಣ್ಣತಂಗಿಯರು ಪೀಪಾಯಿಯಲ್ಲಿದ್ದ ಡಾಂಬರನ್ನು ಕೋಲಿನಿಂದ ಅದ್ದಿ ಮನೆಯ ಬಿಳಿಯ ಗೋಡೆಯ ತುಂಬ ಚಿತ್ರ ಬರೆದರು. ಡಾಂಬರು ಒರಸಿದರೆ ಹೋಗುವಂಥದಲ್ಲ. ತಂದೆಯ ಕೋಪಕ್ಕೂ ಮಿತಿಯಿರಲಿಲ್ಲ.

ಈ ಸುಖ ನಿಂತದ್ದು ನಾಲ್ಕು ವರ್ಷ ಮಾತ್ರ. ದುಡಿಸಿಕೊಳ್ಳುವ ತಂದೆಯ ಕಟ್ಟುನಿಟ್ಟನ್ನು ತಾಳಲಾರದೆ ದೊಡ್ಡ ಅಣ್ಣಂದಿರಿಬ್ಬರು ಒಂದು ರಾತ್ರಿ ಮನೆಬಿಟ್ಟು ಹೋದರು. ಎಲಿಯಾಸ್ ಕಾಯಿಲೆ ಬಿದ್ದರು. 1910ರ ಕೊನೆಗೆ ಜಮೀನು ಮಾರಿಹೋಯಿತು. ದನಕರು ಸಾಮಾನುಗಳು ಹರಾಜಾದವು. ಹರಾಜಿನ ಪ್ರಕಟಣೆಗಳನ್ನು ಚಳಿಯಲ್ಲಿ ಊರೂರಿಗೆ ಅಂಟಿಸಿ ಬಂದವರು ರಾಯ್ ಮತ್ತು ವಾಲ್ಟ್. ತಾವೇ ಪಳಗಿಸಿದ್ದ ಕುದುರೆಮರಿಯೂ ಪರರ ಪಾಲಾಯಿತು. ಆಗ ವಾಲ್ಟನಿಗೆ ಒಂಬತ್ತು ವರ್ಷ. ಅರವತ್ತೈದು ವರ್ಷದ ಬಾಳಿನಲ್ಲಿ ನಾಲ್ಕು ವರ್ಷ ದೊಡ್ಡದಲ್ಲ. ಆದರೆ ಇದ್ದಲ್ಲಿಯೇ ಬೆಳೆದವನಿಗೆ ತನ್ನೂರು ಬೇಸರ ತರಿಸಬಹುದು. ಒಂಬತ್ತರ ಪ್ರಾಯದಲ್ಲಿ ಕಿತ್ತುಕೊಂಡ ಊರು ಮಾತ್ರ ಮುಪ್ಪಾಗುವುದಿಲ್ಲ.

ಮುಂದಿನದು ಕಾನ್ಸಾಸ್ ಸಿಟಿ. ಎಲಿಯಾಸ್ ಪತ್ರಿಕೆ ಹಂಚುವ ಗುತ್ತಿಗೆ ಹಿಡಿದರು, ಹಂಚುವವರು ಮಕ್ಕಳು. ಬೆಳಗಿನ ಜಾವ ಮೂರೂವರೆಗೆ ಎದ್ದು, ಮಂಡಿಯವರೆಗಿನ ಹಿಮದಲ್ಲಿ ನಡೆದು, ಮನೆಮನೆಯ ಬಾಗಿಲಿಗೆ ಪತ್ರಿಕೆ ಇಡಬೇಕು. ಶಾಲೆ ಮುಗಿದ ಮೇಲೆ ಸಂಜೆಯ ಪತ್ರಿಕೆ ಬೇರೆ. ಹೀಗೆ ಆರು ವರ್ಷ. ತಂದೆ ಇದಕ್ಕೆ ಕೂಲಿ ಕೊಡಲಿಲ್ಲ. ಅನ್ನವಸ್ತ್ರಗಳೇ ಕೂಲಿಯೆಂಬುದು ಅವರ ನ್ಯಾಯ. ಎಲ್ಲೋ ಒಂದು ಮನೆಗೆ ಪತ್ರಿಕೆ ತಪ್ಪಿತೆಂದು ಬೆಚ್ಚಿ ಏಳುವ ದುಃಸ್ವಪ್ನ ಡಿಸ್ನಿಯವರನ್ನು ಪ್ರೌಢವಯಸ್ಸಿನಲ್ಲಿಯೂ ಬಿಡಲಿಲ್ಲ. ಕೆಲವು ಮನೆಗಳ ಜಗಲಿಯ ಮೇಲೆ ಸಿರಿವಂತರ ಮಕ್ಕಳು ಆಟದ ಸಾಮಾನುಗಳನ್ನು ಹಾಗೆಯೇ ಬಿಟ್ಟು ಮಲಗಿರುತ್ತಿದ್ದರು. ಪತ್ರಿಕೆಯ ಹುಡುಗ ಮಬ್ಬುಗತ್ತಲಲ್ಲಿ ಅಲ್ಲಿ ಕುಳಿತು ಆ ಬೊಂಬೆಗಳೊಡನೆ, ಆ ಆಟದ ರೈಲಿನೊಡನೆ ಕ್ಷಣಕಾಲ ಆಡಿ, ಇದ್ದುದನ್ನು ಇದ್ದಂತೆಯೇ ಇಟ್ಟು, ಮುಂದಿನ ಮನೆಗೆ ನಡೆಯುತ್ತಿದ್ದನು.

ಆ ನಗರದಲ್ಲಿ ಅಂದು ದೊಡ್ಡ ವಿಹಾರೋದ್ಯಾನಗಳಿದ್ದವು. ಅವುಗಳಲ್ಲಿ ಎಲೆಕ್ಟ್ರಿಕ್ ಪಾರ್ಕ್ ಎಂಬುದು ಡಿಸ್ನಿ ಸಂಸಾರದ ಮನೆಗೆ ಬಹಳ ದೂರವಿರಲಿಲ್ಲ. ವಿದ್ಯುದ್ದೀಪವೇ ವಿಸ್ಮಯವಾಗಿದ್ದ ಕಾಲದಲ್ಲಿ ಅಸಂಖ್ಯ ದೀಪಗಳಿಂದ ಬೆಳಗುತ್ತಿದ್ದ, ರಾತ್ರಿ ಬಾಣಬಿರುಸು ಹಾರಿಸುತ್ತಿದ್ದ ಸ್ಥಳ ಅದು. 1925ರಲ್ಲಿ ಬೆಂಕಿಗೆ ಆಹುತಿಯಾಯಿತು. ಪ್ರವೇಶಕ್ಕೆ ಕಾಸಿಲ್ಲದೆ ಇಂಥ ಉದ್ಯಾನವೊಂದರ ಬೇಲಿಯ ಹೊರಗೆ ಅಣ್ಣತಂಗಿಯರಿಬ್ಬರೂ ನಿಂತು ಒಳಗಿನ ಬೆಳಕನ್ನು ನೋಡುತ್ತಿದ್ದುದನ್ನು ರೂತ್ ಮುಂದೆ ನೆನಪಿಸಿಕೊಂಡಿದ್ದಾರೆ. ಒಳಗೆ ಹೋದವನು ಉದ್ಯಾನವನ್ನು ಬಿಡಿಬಿಡಿಯಾಗಿ, ಒಂದೊಂದು ಆಟವಾಗಿ ಕಾಣುತ್ತಾನೆ. ಹೊರಗೆ ನಿಂತವನಿಗೆ ಅದು ಒಟ್ಟಾಗಿ, ಒಂದು ಊರಾಗಿ ಕಾಣುತ್ತದೆ. ಮುಂದೆ ಡಿಸ್ನಿಯವರು ಕಟ್ಟಿದ್ದು ಆಟಗಳ ರಾಶಿಯನ್ನಲ್ಲ, ಊರನ್ನು.

ನಿದ್ದೆಗೆಟ್ಟ ಹುಡುಗ ಪಾಠದಲ್ಲಿ ಹಿಂದೆ ಬಿದ್ದುದು ಸಹಜ. ಆದರೂ ಬೆಂಟನ್ ಶಾಲೆಯ ಒಂದು ಪ್ರಸಂಗವನ್ನು ಉಪಾಧ್ಯಾಯರಾದವರು ಗಮನಿಸಬೇಕು. ಐದನೆಯ ತರಗತಿಯಲ್ಲಿದ್ದಾಗ ಲಿಂಕನ್ ಜಯಂತಿಯಂದು ವಾಲ್ಟ್ ತಂದೆಯ ಕೋಟು ತೊಟ್ಟು, ರಟ್ಟಿನಿಂದ ಎತ್ತರದ ಟೋಪಿ ಮಾಡಿ, ಗಡ್ಡ ಅಂಟಿಸಿಕೊಂಡು ಶಾಲೆಗೆ ಬಂದನು. ಲಿಂಕನ್ನರ ಗೆಟಿಸ್‌ಬರ್ಗ್ ಭಾಷಣವನ್ನು ಬಾಯಿಪಾಠ ಮಾಡಿದ್ದನು. ಶಿಸ್ತು ಮೀರಿದನೆಂದು ದಂಡಿಸಬಹುದಾಗಿದ್ದ ಮುಖ್ಯೋಪಾಧ್ಯಾಯರು ಹಾಗೆ ಮಾಡದೆ ಅವನನ್ನು ಕೈಹಿಡಿದು ಒಂದೊಂದು ತರಗತಿಗೂ ಕರೆದೊಯ್ದು ಆ ಭಾಷಣವನ್ನು ಹೇಳಿಸಿದರು. ಐವತ್ತು ವರ್ಷಗಳ ತರುವಾಯ, 1964ರ ನ್ಯೂಯಾರ್ಕ್ ವಿಶ್ವಪ್ರದರ್ಶನದಲ್ಲಿ, ಕುರ್ಚಿಯಿಂದ ಎದ್ದು ನಿಂತು ಸಭೆಯನ್ನುದ್ದೇಶಿಸಿ ಮಾತನಾಡುವ ಯಾಂತ್ರಿಕ ಲಿಂಕನ್ ಪ್ರತಿಮೆಯನ್ನು ಡಿಸ್ನಿಯವರ ಶಿಲ್ಪಿಗಳೂ ತಂತ್ರಜ್ಞರೂ ನಿರ್ಮಿಸಿದರು. ಅದಕ್ಕಾಗಿ ಅವರು ವ್ಯಯಿಸಿದ ಹಣವನ್ನೂ ತಾಳ್ಮೆಯನ್ನೂ ಕಂಡು ಬೆರಗಾದವರಿಗೆ ಆ ರಟ್ಟಿನ ಟೋಪಿಯ ವಿಚಾರ ತಿಳಿದಿರಲಾರದು.

ಇಂಥದೇ ಇನ್ನೊಂದು: 1917ರ ಜನವರಿಯಲ್ಲಿ ಪತ್ರಿಕೆ ಹಂಚುವ ಹುಡುಗರಿಗೆಲ್ಲ ನಗರದ ಸಭಾಭವನದಲ್ಲಿ ಸ್ನೋ ವೈಟ್ ಕಥೆಯ ಮೂಕಿಚಿತ್ರವನ್ನು ಉಚಿತವಾಗಿ ತೋರಿಸಿದರು. ಇಪ್ಪತ್ತು ವರ್ಷ ಕಳೆದು, 1937ರ ಡಿಸೆಂಬರಿನಲ್ಲಿ, ಡಿಸ್ನಿಯವರ ಮೊದಲ ಪೂರ್ಣಪ್ರಮಾಣದ ಕಾರ್ಟೂನ್ ಚಿತ್ರವಾಗಿ ತೆರೆಗೆ ಬಂದುದು ಅದೇ ಕಥೆ.

ಹದಿನೈದರ ಪ್ರಾಯದಲ್ಲಿ ವಾಲ್ಟ್ ಬೇಸಗೆಯ ರಜೆಯಲ್ಲಿ ರೈಲುಗಾಡಿಗಳಲ್ಲಿ ಪತ್ರಿಕೆ, ಹಣ್ಣು, ಮಿಠಾಯಿ ಮಾರುವ ಕೆಲಸಕ್ಕೆ ಸೇರಿದನು. ವ್ಯಾಪಾರದಲ್ಲಿ ನಷ್ಟವೇ ಆಯಿತು. ಸಿಗಾರು ಕೊಟ್ಟು ಚಾಲಕರನ್ನು ಒಲಿಸಿಕೊಂಡು ಎಂಜಿನ್ನಿನ ಬಳಿ ನಿಂತು ಪ್ರಯಾಣ ಮಾಡಿದ್ದೇ ಲಾಭ.

ಅನಂತರದ ಮೂರು ದಶಕಗಳ ಕಥೆ ಲೋಕವಿದಿತವಾದುದು. ಮೊದಲನೆಯ ಮಹಾಯುದ್ಧ ಮುಗಿದಾಗ ರೆಡ್‌ಕ್ರಾಸ್ ವಾಹನ ಚಾಲಕರಾಗಿ ಫ್ರಾನ್ಸಿಗೆ ಹೋಗಿಬಂದುದು, ಕಾನ್ಸಾಸ್ ಸಿಟಿಯಲ್ಲಿ ತೆಗೆದ ಚಿತ್ರಸಂಸ್ಥೆ 1923ರಲ್ಲಿ ದಿವಾಳಿಯಾದುದು, ಅದೇ ವರ್ಷ ಹಾಲಿವುಡ್ಡಿಗೆ ತೆರಳಿ ಅಣ್ಣ ರಾಯ್ ಅವರೊಡನೆ ಸ್ಟುಡಿಯೋ ಸ್ಥಾಪಿಸಿದುದು, 1928ರಲ್ಲಿ ಮಿಕ್ಕಿ ಎಂಬ ಇಲಿ ಮೂಡಿಬಂದುದು ಇವನ್ನೆಲ್ಲ ವಿಸ್ತರಿಸಬೇಕಾಗಿಲ್ಲ. ಒಂದನ್ನು ಮಾತ್ರ ಮರೆಮಾಚಲಾಗದು. 1941ರಲ್ಲಿ ಅವರ ಚಿತ್ರಕಾರರು ವೇತನ ಮತ್ತು ಮನ್ನಣೆಗಳಿಗಾಗಿ ಮುಷ್ಕರ ಹೂಡಿದಾಗ ಡಿಸ್ನಿಯವರು ಅದನ್ನು ಮನೆಮಕ್ಕಳ ದ್ರೋಹವೆಂದೇ ತಿಳಿದರು. 1947ರಲ್ಲಿ ಸಂಸತ್ ಸಮಿತಿಯ ಮುಂದೆ ಮುಷ್ಕರದ ಹಿಂದೆ ಕಮ್ಯುನಿಸ್ಟರಿದ್ದರೆಂದು ಸಾಕ್ಷ್ಯ ನುಡಿದರು. ಕೂಲಿ ಕೊಡದೆ ದುಡಿಸಿದ ತಂದೆಯ ಕಾಠಿಣ್ಯದ ಪಾಲೊಂದು ಮಗನಿಗೂ ಬಂದಿತ್ತೆಂದು ಹೇಳದೆ ಗತ್ಯಂತರವಿಲ್ಲ.

ಮುಷ್ಕರ, ಯುದ್ಧ, ಸಾಲಗಳಿಂದ ಬೇಸತ್ತ ಆ ವರ್ಷಗಳಲ್ಲಿಯೇ ಅವರ ಮನಸ್ಸು ಮಾರ್ಸೆಲೀನಿನ ಕಡೆಗೆ ತಿರುಗಿತು. ಶನಿವಾರಗಳಂದು ಇಬ್ಬರು ಹೆಣ್ಣುಮಕ್ಕಳನ್ನು ಲಾಸ್ ಏಂಜಲಿಸ್ಸಿನ ಗ್ರಿಫಿತ್ ಪಾರ್ಕಿಗೆ ಕರೆದೊಯ್ಯುತ್ತಿದ್ದರು. ಮಕ್ಕಳು ಸುತ್ತುವ ಮರದ ಕುದುರೆಗಳ ಮೇಲೆ. ತಂದೆ ಬೆಂಚಿನ ಮೇಲೆ ಕಡಲೆಕಾಯಿ ತಿನ್ನುತ್ತ ಕಾಯಬೇಕು. ಅಂದಿನ ವಿಹಾರಸ್ಥಳಗಳು ಸಾಮಾನ್ಯವಾಗಿ ಕೊಳಕಾಗಿಯೂ ಒರಟಾಗಿಯೂ ಇರುತ್ತಿದ್ದವು. ಹೆತ್ತವರೂ ಮಕ್ಕಳೂ ಕೂಡಿ ನಲಿಯುವ ಒಂದು ಸ್ಥಳವೇಕಿರಬಾರದೆಂಬ ಪ್ರಶ್ನೆ ಆ ಬೆಂಚಿನ ಮೇಲೆ ಹುಟ್ಟಿತು.

1948ರಲ್ಲಿ ಅವರು ತಮ್ಮ ಚಿತ್ರಕಾರರಲ್ಲೊಬ್ಬರಾದ ವಾರ್ಡ್ ಕಿಂಬಾಲ್ ಅವರೊಡನೆ ಷಿಕಾಗೊದ ರೈಲ್ವೆ ಪ್ರದರ್ಶನಕ್ಕೆ ಹೋಗಿ, ಹಳೆಯ ಉಗಿಯೆಂಜಿನುಗಳನ್ನು ಓಡಿಸಿ, ಹಿಂದಿನ ಕಾಲದ ಮನೆ ಕಾರ್ಯಾಗಾರಗಳನ್ನು ಹೆನ್ರಿ ಫೋರ್ಡ್ ಕೂಡಿಸಿಟ್ಟಿದ್ದ ಗ್ರಾಮವನ್ನೂ ಕಂಡುಬಂದರು. ಆಗಸ್ಟ್ 31ರಂದು ಬರೆಸಿದ ಟಿಪ್ಪಣಿಯೊಂದರಲ್ಲಿ ಊರಚಾವಡಿ, ರೈಲು ನಿಲ್ದಾಣ, ಅಂಗಡಿ ಬೀದಿ, ನೆರಳು ಬೆಂಚುಗಳುಳ್ಳ ಸಣ್ಣ ಊರಿನ ಕಲ್ಪನೆ ಆಗಲೇ ಇದೆ. ಮುಂದೆ ತಮ್ಮ ಹೊಸ ಮನೆಯ ಹಿತ್ತಿಲಿನಲ್ಲಿ ನಿಜವಾದ ಉಗಿಯಿಂದ ಓಡುವ ಪುಟ್ಟ ರೈಲನ್ನು ಹಾಕಿಸಿದರು. ಹಳಿಯ ಉದ್ದ 2,615 ಅಡಿ. ಪತ್ನಿಯ ಹೂದೋಟ ಕೆಡದಂತೆ ಅದರಡಿ ಒಂದು ಸುರಂಗ. ಎಂಜಿನ್ನಿಗೆ ಆಕೆಯದೇ ಹೆಸರು, ಲಿಲ್ಲಿ ಬೆಲ್. ರೈಲಿನ ಕೆಲಸಕ್ಕೆಂದು ಕಟ್ಟಿಸಿದ ಮನೆ ಮಾರ್ಸೆಲೀನಿನ ಹಳೆಯ ಕೊಟ್ಟಿಗೆಯ ಪಡಿಯಚ್ಚು. ಕೋಟ್ಯಂತರ ಜನ ನೋಡುವ ಚಿತ್ರಗಳ ಒಡೆಯರು ಸಂಜೆಯ ಹೊತ್ತು ಆ ಕೊಟ್ಟಿಗೆಯಲ್ಲಿ ಕುಳಿತು ಮರದ ಡಬ್ಬಿಗಳನ್ನು ಕೈಯಾರೆ ಕೊರೆಯುತ್ತಿದ್ದರು. 1953ರಲ್ಲಿ ಎಂಜಿನ್ ಹಳಿ ತಪ್ಪಿ ಉಗಿಯಿಂದ ಒಂದು ಮಗುವಿಗೆ ಸುಟ್ಟಗಾಯವಾಗಲು ಹಿತ್ತಿಲ ರೈಲು ನಿಂತಿತು. ಅಷ್ಟರಲ್ಲಿ ದೊಡ್ಡ ರೈಲಿನ ಯೋಜನೆ ಮೊಳೆತಿತ್ತು.

ಆ ಯೋಜನೆಗೆ ಮೊದಮೊದಲು ದೊರೆತದ್ದು ನಿರಾಕರಣೆಯೇ. 1952ರಲ್ಲಿ ಸ್ಟುಡಿಯೋ ಎದುರಿನ ಜಾಗದಲ್ಲಿ ಉದ್ಯಾನ ಕಟ್ಟಲು ಬರ್ಬ್ಯಾಂಕ್ ನಗರಸಭೆ ಒಪ್ಪಲಿಲ್ಲ. ಸ್ವಂತ ಕಂಪೆನಿಯೂ, ಲೆಕ್ಕಪತ್ರ ನೋಡುತ್ತಿದ್ದ ಅಣ್ಣನೂ ಹಿಂಜರಿದರು. ಡಿಸ್ನಿಯವರು ಜೀವವಿಮೆಯ ಮೇಲೆ ಸಾಲ ತೆಗೆದರು. ಪಾಮ್ ಸ್ಪ್ರಿಂಗ್ಸಿನಲ್ಲಿದ್ದ ಮನೆ ಮಾರಿದರು. 1953ರ ಸೆಪ್ಟೆಂಬರಿನಲ್ಲಿ ಹರ್ಬರ್ಟ್ ರೈಮನ್ ಎಂಬ ಚಿತ್ರಕಾರರನ್ನು ಶನಿವಾರ ಬೆಳಗ್ಗೆ ಕರೆಸಿ, ಎದುರು ಕುಳಿತು ಮಾತಿನಲ್ಲಿ ಊರನ್ನು ಹೇಳುತ್ತ ಹೋದರು. ಭಾನುವಾರ ರಾತ್ರಿಯ ಹೊತ್ತಿಗೆ ನಕ್ಷೆ ಸಿದ್ಧವಾಯಿತು. ಅದನ್ನು ಹಿಡಿದು ನ್ಯೂಯಾರ್ಕಿಗೆ ಹೋದವರು ಹಿಂಜರಿದಿದ್ದ ಅದೇ ರಾಯ್. ಎ.ಬಿ.ಸಿ. ಎಂಬ ದೂರದರ್ಶನ ಸಂಸ್ಥೆ 5 ಲಕ್ಷ ಡಾಲರ್ ಹೂಡಲೂ 45 ಲಕ್ಷ ಡಾಲರ್ ಸಾಲಕ್ಕೆ ಹೊಣೆ ನಿಲ್ಲಲೂ ಒಪ್ಪಿತು. ಪ್ರತಿಯಾಗಿ ಡಿಸ್ನಿಯವರು ವಾರಕ್ಕೊಂದು ಕಾರ್ಯಕ್ರಮ ಕೊಡಬೇಕಾಯಿತು. ಅನಹೈಮ್ ಎಂಬಲ್ಲಿ ಕಿತ್ತಳೆ ತೋಟಗಳನ್ನು ಕೊಂಡು 1954ರ ಜುಲೈನಲ್ಲಿ ಆರಂಭಿಸಿದ ಕೆಲಸ ಒಂದು ವರ್ಷದಲ್ಲಿ ಮುಗಿಯಿತು. ತಗುಲಿದ ವೆಚ್ಚ 1 ಕೋಟಿ 70 ಲಕ್ಷ ಡಾಲರ್.

ಡಿಸ್ನಿಲ್ಯಾಂಡಿನ ರಚನಾಕ್ರಮವನ್ನು ಕೊಂಚ ನಿಂತು ನೋಡಬೇಕು. ಇಡೀ ಆವರಣದ ಸುತ್ತ ಕೆರೆಯ ಏರಿಯಂತೆ ಎತ್ತರದ ಮಣ್ಣಿನ ದಿಬ್ಬ. ಒಳಗಿದ್ದವರಿಗೆ ಹೊರಗಿನ ರಸ್ತೆ, ತಂತಿಕಂಬಗಳು ಕಾಣಬಾರದೆಂಬುದೇ ಅದರ ಉದ್ದೇಶ. ಏರಿಯ ಮೇಲೆ ಉಗಿಬಂಡಿ. ಪ್ರವೇಶದ್ವಾರ ಒಂದೇ, ದೇವಸ್ಥಾನಕ್ಕೆ ಮಹಾದ್ವಾರವಿದ್ದಂತೆ ಎಲ್ಲರೂ ಅಲ್ಲಿಂದಲೇ ಬರಬೇಕು, ಎಲ್ಲರ ಕಥೆಯೂ ಅಲ್ಲಿಂದಲೇ ಮೊದಲಾಗಬೇಕು. ಒಳಹೊಕ್ಕೊಡನೆ 1900ರ ಆಸುಪಾಸಿನ ಒಂದು ಸಣ್ಣ ಊರಿನ ಪೇಟೆಬೀದಿ. ಕಟ್ಟಡಗಳ ಮೇಲಂತಸ್ತುಗಳನ್ನು ಕೆಳಗಿನದಕ್ಕಿಂತ ಕಿರಿದಾಗಿ ಕಟ್ಟಿರುವುದರಿಂದ ಅವು ಇದ್ದುದಕ್ಕಿಂತ ಎತ್ತರವಾಗಿ ತೋರುತ್ತವೆ. ಬೀದಿಯ ಕೊನೆಗೆ ಕಾಣುವ ಕೋಟೆಮನೆಯ ಎತ್ತರ 77 ಅಡಿ ಮಾತ್ರ, ಕಣ್ಣಿಗೆ ಅದೂ ಹೆಚ್ಚೆನಿಸುತ್ತದೆ. ಕೆಲಸ ನಡೆಯುವಾಗ ಡಿಸ್ನಿಯವರು ಮಗುವಿನ ಎತ್ತರಕ್ಕೆ ಕುಕ್ಕರುಗಾಲಿನಲ್ಲಿ ಕುಳಿತು ಆ ಎತ್ತರದಿಂದ ಏನು ಕಾಣುವುದೆಂದು ಪರೀಕ್ಷಿಸುತ್ತಿದ್ದರು.

ನಡೆಯುವವನಿಗೆ ಕಥೆ ಹೆಜ್ಜೆಹೆಜ್ಜೆಗೂ ತೆರೆದುಕೊಳ್ಳಬೇಕೆಂಬ ತತ್ತ್ವ ಹಾಸನ ಸೀಮೆಯವರಿಗೆ ಅಪರಿಚಿತವಲ್ಲ. ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಹೊರಗೋಡೆಯನ್ನು ಪ್ರದಕ್ಷಿಣೆ ಮಾಡುವವನಿಗೆ ರಾಮಾಯಣ ಮಹಾಭಾರತಗಳು ಸಾಲಾಗಿ ಎದುರಾಗುತ್ತವೆ. ಓದುಬಾರದವನೂ ಕಾಲ್ನಡಿಗೆಯಿಂದಲೇ ಕಾವ್ಯವನ್ನು ಕಾಣುತ್ತಾನೆ. ಕಳೆದುಹೋಗುತ್ತಿರುವ ಹಳ್ಳಿಯನ್ನು ಕಣ್ಣೆದುರು ನಿಲ್ಲಿಸುವ ಹಂಬಲವಾದರೂ ಕನ್ನಡನಾಡಿಗೆ ಹೊರತಾದುದಲ್ಲ. ಚನ್ನರಾಯಪಟ್ಟಣಕ್ಕೆ ನೆರೆಯ ನಾಗಮಂಗಲ ತಾಲ್ಲೂಕಿನಲ್ಲಿ ಹುಟ್ಟಿದ ಎಚ್.ಎಲ್. ನಾಗೇಗೌಡರು ರಾಮನಗರದ ಬಳಿ ಜಾನಪದ ಲೋಕವನ್ನು ಕಟ್ಟಿದ್ದು ಇಂಥ ಹಂಬಲದಿಂದಲೇ. ಅವರು ಹಳ್ಳಿಯ ನಿಜವಾದ ವಸ್ತುಗಳನ್ನೇ ಕೂಡಿಸಿಟ್ಟರು. ಡಿಸ್ನಿಯವರು ನೆನಪನ್ನು ತೊಳೆದು, ಬಣ್ಣ ಬಳಿದು ನಿಲ್ಲಿಸಿದರು. ಈ ಭೇದ ಸಣ್ಣದಲ್ಲ. ಡಿಸ್ನಿಲ್ಯಾಂಡಿನ ಬೀದಿ ಮಾರ್ಸೆಲೀನಿನದೆಂದು ಎಲ್ಲರೂ ಹೇಳುವರಾದರೂ ಅಷ್ಟು ಅಲಂಕಾರದ ಕಟ್ಟಡಗಳು ಆ ಬಡ ಊರಿನಲ್ಲಿ ಎಂದೂ ಇರಲಿಲ್ಲ. ಬೀದಿಯ ರೂಪುರೇಷೆಯಲ್ಲಿ ಹಾರ್ಪರ್ ಗಾಫ್ ಎಂಬ ವಿನ್ಯಾಸಕಾರರು ತಮ್ಮ ಬಾಲ್ಯದ ಊರಾದ ಕೊಲೊರಾಡೊದ ಫೋರ್ಟ್ ಕಾಲಿನ್ಸಿನ ಕಟ್ಟಡಗಳನ್ನು ಬೆರೆಸಿದರು. ಆ ಬೀದಿಯಲ್ಲಿ ಸಗಣಿಯ ವಾಸನೆಯಿಲ್ಲ, ಹರಾಜಿನ ಪ್ರಕಟಣೆಯಿಲ್ಲ, ಜಾವದ ಹಿಮದಲ್ಲಿ ಪತ್ರಿಕೆ ಹೊತ್ತ ಹುಡುಗನೂ ಇಲ್ಲ. ಬಾಲ್ಯದ ನೋವನ್ನು ಬಿಟ್ಟು ನಲಿವನ್ನು ಮಾತ್ರ ಕಟ್ಟಿದರೆಂದು ವಿಮರ್ಶಕರು ಆಕ್ಷೇಪಿಸಿದ್ದಾರೆ, ಆಕ್ಷೇಪ ನಿರಾಧಾರವಲ್ಲ. ಆದರೆ ಬೇಲಿಯ ಹೊರಗೆ ನಿಂತವನು ಕಂಡದ್ದು ನಲಿವನ್ನೇ. ಅದಕ್ಕೊಂದು ಬಾಗಿಲು ಬೇಕೆಂದು ಅವನಿಗೆ ತೋರಿತು.

1955ರ ಜುಲೈ 17ರಂದು ಉದ್ಯಾನ ತೆರೆಯಿತು. ಖೋಟಾ ಟಿಕೆಟ್ಟುಗಳಿಂದಾಗಿ ಎಣಿಸಿದ್ದಕ್ಕಿಂತ ಬಹಳ ಹೆಚ್ಚು, ಸುಮಾರು 28,000 ಜನ ನುಗ್ಗಿದರು. ಬಿಸಿಲಿಗೆ ಹೊಸ ಡಾಂಬರು ಮೆತ್ತಗಾಗಿ ಹೆಂಗಸರ ಪಾದರಕ್ಷೆಗಳ ಹಿಮ್ಮಡಿ ಹೂತುಕೊಂಡಿತು. ಕೊಳಾಯಿ ಕೆಲಸಗಾರರ ಮುಷ್ಕರದಿಂದ ಕುಡಿಯುವ ನೀರು, ಶೌಚಾಲಯ ಎರಡನ್ನೂ ಸಿದ್ಧಗೊಳಿಸಲು ಸಮಯವಿಲ್ಲದೆ ಡಿಸ್ನಿಯವರು ಶೌಚಾಲಯವನ್ನೇ ಆರಿಸಿಕೊಂಡಿದ್ದರು, ಬಾಯಾರಿದವರು ಶಪಿಸಿದರು. ಪತ್ರಿಕೆಗಳು ಹಾಸ್ಯ ಮಾಡಿದವು. ಎರಡು ತಿಂಗಳು ತುಂಬುವ ಮೊದಲೇ ಬಂದುಹೋದವರ ಸಂಖ್ಯೆ 10 ಲಕ್ಷ ಮುಟ್ಟಿತು. ಆ ಆರಂಭದ ದಿನ ಕ್ಯಾಲಿಫೋರ್ನಿಯಾದ ಗವರ್ನರರನ್ನೂ ಸಾಂಟಾ ಫೆ ರೈಲ್ವೆಯ ಅಧ್ಯಕ್ಷರನ್ನೂ ಜೊತೆಗಿಟ್ಟುಕೊಂಡು ಉಗಿಬಂಡಿಯನ್ನು ನಿಲ್ದಾಣಕ್ಕೆ ನಡೆಸಿ ತಂದವರು ಡಿಸ್ನಿಯವರೇ. ಗಾಡಿಯ ಮೇಲೆ ಬರೆದಿದ್ದ ಹೆಸರೂ ಸಾಂಟಾ ಫೆ. ಮಾರ್ಸೆಲೀನಿನ ಹೊಲದಂಚಿನಲ್ಲಿ ಓಡುತ್ತಿದ್ದ ಅದೇ ಕಂಪೆನಿ.

ಮರುವರ್ಷ ಉದ್ಯಾನಕ್ಕೆ ಟಾಮ್ ಸಾಯರ್ ದ್ವೀಪ ಸೇರಿತು. ಇತರರು ತಂದ ನಕ್ಷೆ ಹಿಡಿಸದೆ ಡಿಸ್ನಿಯವರು ಅದನ್ನು ಮನೆಗೊಯ್ದು ತಾವೇ ಬರೆದುತಂದರು. ಗುಹೆ, ಕಾಲುಹಾದಿ, ಮರದ ಮೇಲಿನ ಮನೆಗಳ ಆ ದ್ವೀಪಕ್ಕೆ ಹೆಸರಾದ ಹುಡುಗ ಮಿಸ್ಸೂರಿಯವನು. ಅದೇ 1956ರ ಜುಲೈ 4ರಂದು ಅಣ್ಣತಮ್ಮಂದಿರು ಮಾರ್ಸೆಲೀನಿಗೆ ಹೋಗಿ, ಊರಿನವರು ವಾಲ್ಟರ ಹೆಸರಿನಲ್ಲಿ ಮಾಡಿಸಿದ್ದ ಈಜುಕೊಳವನ್ನೂ ಉದ್ಯಾನವನ್ನೂ ಉದ್ಘಾಟಿಸಿದರು. 1960ರಲ್ಲಿ ಅಲ್ಲಿ ಅವರ ಹೆಸರಿನ ಪ್ರಾಥಮಿಕ ಶಾಲೆಯೂ ಆರಂಭವಾಯಿತು. ಪಾಠದಲ್ಲಿ ಹಿಂದೆ ಬಿದ್ದಿದ್ದ ವಿದ್ಯಾರ್ಥಿಗೆ ಇದಕ್ಕಿಂತ ಹಿರಿದಾದ ಮನ್ನಣೆ ಯಾವುದಿದ್ದೀತು?

ಫ್ಲಾರಿಡಾದಲ್ಲಿ ಗುಟ್ಟಾಗಿ 27,000 ಎಕರೆಗೂ ಮೀರಿ ನೆಲ ಕೊಂಡು, ಭವಿಷ್ಯದ ನಗರವೊಂದನ್ನೇ ಕಟ್ಟುವ ಯೋಜನೆಯನ್ನು 1965ರಲ್ಲಿ ಡಿಸ್ನಿಯವರು ಪ್ರಕಟಿಸಿದರು. ಅದನ್ನು ಕಾಣುವ ಭಾಗ್ಯವಿರಲಿಲ್ಲ. ಹರೆಯದಿಂದ ಸೇದಿದ ಸಿಗರೇಟು ಶ್ವಾಸಕೋಶದ ಅರ್ಬುದರೋಗವಾಗಿ ಹೊರಬಿದ್ದಿತು. 1966ರ ಡಿಸೆಂಬರ್ 15ರಂದು, 65 ತುಂಬಿದ ಹತ್ತನೆಯ ದಿನ, ಸ್ಟುಡಿಯೋ ಎದುರಿನ ಆಸ್ಪತ್ರೆಯಲ್ಲಿ ಅವರು ತೀರಿಕೊಂಡರು.

ನಿವೃತ್ತಿಯ ಹೊಸ್ತಿಲಲ್ಲಿದ್ದ ರಾಯ್ ಅದನ್ನು ಬದಿಗಿಟ್ಟು ತಮ್ಮನ ಕೆಲಸಕ್ಕೆ ನಿಂತರು. ಫ್ಲಾರಿಡಾದ ಉದ್ಯಾನ 1971ರ ಅಕ್ಟೋಬರ್ 1ರಂದು ತೆರೆಯಿತು. ಅದಕ್ಕೆ ಬರಿಯ ಡಿಸ್ನಿಯೆಂದಲ್ಲದೆ ವಾಲ್ಟ್ ಡಿಸ್ನಿಯೆಂಬ ಪೂರ್ಣನಾಮವೇ ಇರಬೇಕೆಂದು ಹಟ ಹಿಡಿದವರು ಅವರು. ಎಂಬತ್ತು ದಿನ ಕಳೆದು, ಡಿಸೆಂಬರ್ 20ರಂದು, ರಾಯ್ ಕೂಡ ನಿಧನರಾದರು. ಮಾರ್ಸೆಲೀನಿನ ಹಳೆಯ ರೈಲು ನಿಲ್ದಾಣ 2001ರಿಂದ ಡಿಸ್ನಿ ಸಂಸಾರದ ವಸ್ತುಸಂಗ್ರಹಾಲಯವಾಗಿದೆ. ಎದುರಿನ ಹಳಿಯ ಮೇಲೆ ಗಾಡಿಗಳು ಈಗಲೂ ಓಡುತ್ತಿವೆ.